ಬಿಡುವಿಲ್ಲದ ಕಾರಣ

ಗುಂಡ್ಲುಪೇಟೆ
12 ಫೆಬ್ರವರಿ 2023

ನೀಲಮ್ಮಿಗೆ ನಿಮ್ಮಣ್ಣ ಮೃತ್ಯುಂಜಯ ಮಾಡುವ ಆಶೀರ್ವಾದಗಳು.

ಈ ಕಾಲದಲ್ಲೂ ಕಾಗದವೇ ಅಂತ ನಗಬ್ಯಾಡ. ನಮ್ಮ ಸೈಟು ವ್ಯಾಪಾರದಲ್ಲಿ ಈಗ ಯಾರೇ ಫೋನ್ ಎತ್ತಿದ್ರೂ ಮೊದಲು ರೆಕಾರ್ಡ್ ಒತ್ತಿ ಆಮೇಲೆ ಹಲೋ ಅಂತಾರೆ. ವಾಟ್ಸಾಪಲ್ಲಿ ಒಂದು ಮಾತು ಹಾಕಿದ್ರೆ ಸಂಜೆ ಹೊತ್ತಿಗೆ ರಿಜಿಸ್ಟ್ರಾರ್ ಆಫೀಸ್ ಮುಂದಲ ಟೀ ಅಂಗಡೀಲಿ ಅದನ್ನ ಓದ್ತಾ ನಿಂತಿರ್ತಾರೆ. ಕಾಗದವೇ ವಾಸಿ. ಅದೂ ಅಲ್ದೆ ಬೆಳಗಿಂದ ಸಂಜೆಗಂಟ "ಸದರಿ ಸ್ವತ್ತಿನ ಚಕ್ಕುಬಂದಿ" ಅಂತ ಬೇರೆಯೋರ ಕ್ರಯಪತ್ರ ಬರೆದು ಬರೆದು ಬೇಜಾರಾಗದೆ. ನಿನಗಾದ್ರೂ ನಮ್ಮ ಮಾತಲ್ಲಿ ನಾಕು ಸಾಲು ಬರೆಯನ ಅಂತ ಕೂತೆ.

ಇದರ ಜೊತೆ ಒಂದು ಫೈಲು ಕಳಿಸಿವ್ನಿ. ಬೇಗೂರಿನ ಹತ್ರ ಮೈನ್ ರೋಡಿಗೆ ಅಂಟಿಕೊಂಡ ಹಾಗೆ ಮಲ್ಲಿಕಾರ್ಜುನಸ್ವಾಮಿ ಅನ್ನೋರು ಲೇಔಟ್ ಮಾಡ್ತಾವ್ರೆ. ಸೈಟು ತಗೊಳ್ಳೋರಿಗೆ ಬ್ಯಾಂಕು ಸಾಲ ಕೊಡಬೇಕಾದ್ರೆ ಜಮೀನು ಚೊಕ್ಕ ಅದೆ ಅಂತ ಬ್ಯಾಂಕಿನ ಪ್ಯಾನೆಲ್ ವಕೀಲರ, ಅಂದ್ರೆ ನಿನ್ನಂಥೋರ ಒಪಿನಿಯನ್ ಬೇಕಲ್ಲ. "ಇಲ್ಲೇ ಗುಂಡ್ಲುಪೇಟೇಲೇ ಯಾರ ಕೈಲಾದ್ರೂ ಬರೆಸ್ಬುಡಿ" ಅಂದ್ರು. ನಾನು ಒಪ್ಪಲಿಲ್ಲ. ಚಾಮರಾಜನಗರಕ್ಕೇ ಓಗ್ಲಿ, ನೀಲಾವತಿ ನೋಡ್ಲಿ ಅಂದೆ.

ಯಾಕಂದ್ರೆ ಅದು ಹಿಂದೆ ಮಾರಯ್ಯನ ಹೊಲ. ನಮ್ಮಪ್ಪನ ಹೊಲಕ್ಕೆ ಒತ್ತಾಗಿತ್ತು. ನಾನು ಅಲ್ಲೇ ದನ ಮೇಯಿಸ್ಕೊಂಡು ಬೆಳೆದೋನು. ಮಾರಯ್ಯನ ಮಗ ಅದನ್ನ ಯಾರಿಗೋ ಮಾರಿದ್ದ, ಅವರಿಂದ ಕೈ ಬದಲಾಗಿ ಈಗ ಇವರ ತಂಕ ಬಂದದೆ. ಕ್ರಯಪತ್ರ ಎಲ್ಲಾ ಅವೆ. ಎಲ್ಲಾದ್ರೂ ಒಂದು ಮುಳ್ಳಿದ್ರೆ ನಿನ್ನ ಕಣ್ಣಿಗೆ ಬಿದ್ದೇ ಬೀಳ್ತದೆ. ಗುರುಪಾದಸ್ವಾಮಿ ಸರ್ ಆಫೀಸಲ್ಲಿ ನಾನು ಟೈಪ್ ಮಾಡ್ತಿದ್ದಾಗ ನೀನು ಹೊಸ ಜೂನಿಯರ್ರು. ಊಟದ ಡಬ್ಬಿ ಪಕ್ಕಕ್ಕಿಟ್ಟು ಹಳೇ ಪಹಣಿ ಮೇಲೆ ಬಗ್ಗಿ ಕೂತಿರ್ತಿದ್ದೆ. ಈ ಹುಡುಗಿ ಮೂಗು ತಾಗಿಸಿ ಮೂಸಿ ನೋಡ್ತದಲ್ಲ ಅಂತ ಸರ್ ನಗೋರು.

ಇನ್ನೊಂದು ಮಾತಿತ್ತು. ಅದು ನಿನ್ನ ಒಪಿನಿಯನ್ ಬಂದ ಮೇಲೆ. ಮೊದಲೇ ಹೇಳೋದು ಸರಿಯಲ್ಲ.

ಮಗಳು ಶೃತಿಗೆ ಮಾವ ಕೇಳ್ದ ಅಂತ ಹೇಳು.

ನಿಮ್ಮಣ್ಣ,
ಮೃತ್ಯುಂಜಯ


ಚಾಮರಾಜನಗರ
3 ಮಾರ್ಚ್ 2023

ಪ್ರೀತಿಯ ಮೃತ್ಯುಂಜಯಣ್ಣನಿಗೆ ನೀಲಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎಷ್ಟೋ ದಿನದ ಮೇಲೆ ನಕ್ಕೆ. ಉತ್ತರ ತಡವಾಯಿತು, ಕ್ಷಮಿಸಿ. ಮನೆಯಲ್ಲಿ ಇವರಿಗೆ ಹುಷಾರಿಲ್ಲ. ಕಿಡ್ನಿ ತೊಂದರೆ ಅಂತ ಮೈಸೂರಿನ ಆಸ್ಪತ್ರೆಗೆ ಓಡಾಟವಾಗಿದೆ. ಶೃತಿಗೆ ಪರೀಕ್ಷೆ ಬೇರೆ. ಆಫೀಸಿನ ಬಾಗಿಲು ತೆಗೆಯುವುದೇ ಅಪರೂಪ.

ಆದ್ದರಿಂದ ಬಿಡುವಿಲ್ಲದ ಕಾರಣ ಫೈಲನ್ನು ವಾಪಸ್ ಕಳಿಸುತ್ತಿದ್ದೇನೆ. ಫೀಸು ಬೇಡ. ಮಲ್ಲಿಕಾರ್ಜುನಸ್ವಾಮಿಯವರು ಇಲ್ಲಿಗೇ ಒಮ್ಮೆ ಬಂದಿದ್ದರು. ಅವರಿಗೂ ಇದನ್ನೇ ಹೇಳಿದೆ.

ಈಚೆಗೆ ಸರ್ ತುಂಬಾ ನೆನಪಾಗುತ್ತಾರೆ ಅಣ್ಣ. ನಿಮಗೂ ಅವರ ಪದ್ಧತಿಗಳೆಲ್ಲ ನೆನಪಿರಬೇಕು.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ತಂಗಿ,
ನೀಲಾವತಿ


ಗುಂಡ್ಲುಪೇಟೆ
14 ಮಾರ್ಚ್ 2023

ನೀಲಮ್ಮಿಗೆ ಆಶೀರ್ವಾದಗಳು.

ಕಾಗದ ಓದಿ ಜೀವ ಧಸಕ್ಕಂತು ಕಣಮ್ಮಿ. ಇಷ್ಟೆಲ್ಲಾ ಆಗಿದ್ರೂ ಒಂದು ಮಾತು ಹೇಳಲಿಲ್ವಲ್ಲ! ನಿಮ್ಮತ್ತಿಗೆ ಅಂತೂ ಸೆರಗಲ್ಲಿ ಕಣ್ಣೊರೆಸಿಕೊಂಡ್ಲು. ಸೋಮವಾರ ಬೆಳಗ್ಗೇನೇ ನಂಜನಗೂಡಿಗೆ ಓಗಿ ಯಜಮಾನರ ಹೆಸರಲ್ಲಿ ಅರ್ಚನೆ ಮಾಡಿಸ್ಕೊಂಡು ಬಂದಿವ್ನಿ. ಪ್ರಸಾದ ಇದರೊಳಗೇ ಅದೆ. ಆಸ್ಪತ್ರೇಲಿ ಜನ ಬೇಕಂದ್ರೆ ಸಂಕೋಚ ಪಡಬ್ಯಾಡ. ಮೈಸೂರು ಬಸ್ ಹತ್ತೋಕೆ ನನಗೇನು ಕಷ್ಟ?

ಫೈಲಿನ ಚಿಂತೆ ಬುಡು. ಆ ಹೆಣ್ಣುಮಗಳಿಗೆ ಇಂಥಾ ಟೈಮಲ್ಲಿ ತೊಂದರೆ ಕೊಟ್ಟಿದ್ದೇ ತಪ್ಪಾಯ್ತು ಅಂತ ಮಲ್ಲಿಕಾರ್ಜುನಸ್ವಾಮಿಗೂ ಹೇಳ್ದೆ. ಪಾಪ, ಅವರೂ ನೊಂದ್ಕೊಂಡ್ರು. ಬೇರೆ ಪ್ಯಾನೆಲ್ ವಕೀಲರ ಕೈಲಿ ಒಪಿನಿಯನ್ ಬರೆಸ್ಕೊಂಡ್ರು. ಏನೂ ತೊಡಕಿಲ್ಲ ಅಂತ ಬರೆದುಕೊಟ್ಟವ್ರೆ. ಬ್ಯಾಂಕು ಒಪ್ಪಿ ಆಯ್ತು. ಸೈಟುಗಳು ಬಿಸಿ ದೋಸೆ ಥರ ಓಯ್ತಾ ಅವೆ. ನನ್ನ ಮೇಜಿನ ಮುಂದೆ ದಿನಾ ಜನ.

ನೀನು ಯಜಮಾನರನ್ನ ನೋಡ್ಕೊ. ಮಿಕ್ಕಿದ್ದೆಲ್ಲ ಆಮೇಲೆ.

ನಿಮ್ಮಣ್ಣ,
ಮೃತ್ಯುಂಜಯ


ಗುಂಡ್ಲುಪೇಟೆ
22 ಜನವರಿ 2024

ನೀಲಮ್ಮಿಗೆ ಆಶೀರ್ವಾದಗಳು.

ಏನಮ್ಮಿ, ನನ್ನ ಕಾಗದಕ್ಕೆ ಉತ್ತರವೇ ಇಲ್ಲ? ಯಜಮಾನರು ಚೇತರಿಸ್ಕೊಂಡ್ರು ಅಂತ ನಿಮ್ಮೂರಿನ ಕಡೆಯೋರ ಬಾಯಲ್ಲಿ ಕೇಳಿದೆ. ಸಮಾಧಾನ ಆಯ್ತು. ನಂಜುಂಡೇಶ್ವರ ದೊಡ್ಡೋನು.

ಈಗ ಆ ಇನ್ನೊಂದು ಮಾತು ಹೇಳೋ ಕಾಲ ಬಂತು. ಇದರ ಜೊತೆಗಿರೋ ಆಮಂತ್ರಣ ನೋಡು. ನಮ್ಮ ತಂಗಿ ಸುಧಾಮಣಿ ಮನೆ ಕಟ್ಟಿದ್ಲು! ಬರೋ ತಿಂಗಳು ಗೃಹಪ್ರವೇಶ. ಅದೇ ಬೇಗೂರಿನ ಲೇಔಟಲ್ಲಿ, ಪಾರ್ಕಿನ ಎದುರಿಗೆ.

ನಿನಗೆ ಗೊತ್ತಲ್ಲ, ಗಂಡ ತೀರಿಕೊಂಡ ಮೇಲೆ ನಮ್ಮ ಮನೆ ಹಿಂದಲ ರೂಮಲ್ಲೇ ಇದ್ದೋಳು. ಅಂಗನವಾಡಿ ಕೆಲಸ ಮಾಡ್ಕೊಂಡು ಯಾರಿಗೂ ಕೈಚಾಚದೆ ಬದುಕಿದೋಳು. ಅತ್ತಿಗೆ ನಾದಿನಿ ಜಗಳ ಅಂತ ಏನಿಲ್ಲ, ಆದ್ರೂ ಒಗ್ಗರಣೆಗೆ ಎಣ್ಣೆ ಹಾಕುವಾಗ ಇನ್ನೊಬ್ಬರ ಮುಖ ನೋಡೋ ಹಾಗೆ ಆಗೋದು ಅವಳಿಗೆ. ನನಗೂ ಗೊತ್ತಾಗ್ತಿತ್ತು. ಅಣ್ಣ, ನನ್ನದೇ ಒಂದು ಅಡುಗೆ ಕಟ್ಟೆ ಇದ್ರೆ ಸಾಕು, ಅದರ ಮೇಲೆ ಏನು ಬೇಯಿಸಿದ್ರೂ ಯಾರೂ ಕೇಳಬಾರದು ಅಂತಿದ್ಲು. ಈಗ ಪೂರ್ವಕ್ಕೆ ಮುಖ ಮಾಡಿ ಕಟ್ಟೆ ಹಾಕಿಸವ್ಳೆ. ಕಪ್ಪು ಕಲ್ಲು. ದಿನಾ ಓಗಿ ಒರೆಸಿ ಬರ್ತಾಳೆ, ಇನ್ನೂ ಒಲೆಯೇ ಬಂದಿಲ್ಲ!

ಫೈಲು ಕಳಿಸುವಾಗಲೇ ಅವಳಿಗೆ ಆ ಲೇಔಟಲ್ಲಿ ಒಂದು ಸೈಟು ನೋಡಿದ್ದೆ. ಮೊದಲೇ ಹೇಳಿದ್ರೆ ನಿನ್ನ ಮೇಲೆ ಭಾರ ಹಾಕಿದಂಗಾಯ್ತದೆ, ಒಪಿನಿಯನ್ ಬರೆಯೋ ಕೈಗೆ ಸಂಬಂಧ ಅಡ್ಡ ಬರಬಾರದು ಅಂತ ಬಾಯಿ ಮುಚ್ಚಿಕೊಂಡೆ. ಸರ್ ಹತ್ರ ಕಲಿತದ್ದಲ್ವಾ.

ನೀನು ಬರಲೇಬೇಕು. ನೀಲಕ್ಕ ಬಂದು ಹಾಲು ಉಕ್ಕಿಸಲಿ ಅಂತ ಅವಳೇ ಹೇಳವ್ಳೆ.

ನಿಮ್ಮಣ್ಣ,
ಮೃತ್ಯುಂಜಯ


ಚಾಮರಾಜನಗರ
19 ಫೆಬ್ರವರಿ 2024

ಮೃತ್ಯುಂಜಯಣ್ಣನಿಗೆ ನಮಸ್ಕಾರ.

ಗೃಹಪ್ರವೇಶಕ್ಕೆ ನಾನು ಬರಲಿಲ್ಲ. ಆ ದಿನ ಕೋರ್ಟಿತ್ತು ಎಂದು ಬರೆದೆ. ಹರಿದು ಹಾಕಿದೆ. ಕೋರ್ಟಿರಲಿಲ್ಲ. ಸೀರೆ ಉಟ್ಟು, ಸುಧಾಮಣಿಗೆಂದು ತಂದಿದ್ದ ಕುಕ್ಕರ್ ಕೈಯಲ್ಲಿ ಹಿಡಿದು, ಬಸ್‌ಸ್ಟಾಂಡಿನವರೆಗೆ ಹೋಗಿ ವಾಪಸ್ ಬಂದೆ.

ಅಣ್ಣ, ಆ ಜಮೀನು ಮಾರುವಂಥದ್ದಲ್ಲ. ಅದು ಮಾರಯ್ಯನಿಗೆ ಸರ್ಕಾರ ಮಂಜೂರು ಮಾಡಿಕೊಟ್ಟದ್ದು. ಪರಿಶಿಷ್ಟ ಜಾತಿಯವರಿಗೆ ಹಾಗೆ ಕೊಟ್ಟ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಎಷ್ಟು ಕೈ ಬದಲಾದರೂ ಅದು ಮಾರಯ್ಯನ ಮನೆಯವರದೇ. ಅವರು ಕೇಳಿದ ದಿನ ವಾಪಸ್ ಕೊಡಬೇಕಾಗುತ್ತದೆ.

ಫೈಲು ನೋಡಿದಾಗಲೇ ನನಗೆ ಅನುಮಾನ ಬಂತು. ಅನುಮತಿ ಪತ್ರ ಎಲ್ಲಿ ಎಂದು ಲೇಔಟಿನವರಿಗೆ ಫೋನ್ ಮಾಡಿ ಕೇಳಿದೆ. ಮಾರನೇ ದಿನ ಮಲ್ಲಿಕಾರ್ಜುನಸ್ವಾಮಿ ಹಣ್ಣಿನ ಬುಟ್ಟಿ ಹಿಡಿದು ಬಂದರು. "ಮಂಜೂರಾದ ಜಮೀನು ಹಳ್ಳದ ಆಚೆಗಿರೋದು ಮೇಡಂ, ಸರ್ವೆ ನಂಬರುಗಳು ಬದಲಾಗಿ ಕಲಸಿಹೋಗಿವೆ, ಇದು ಬೇರೆ" ಎಂದರು. ನಾನು ನಂಬಲಿಲ್ಲ. ನಂಬಲಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ಮಾತಿನ ನಡುವೆ ಬ್ಯಾಂಕಿನ ದೊಡ್ಡವರ ಪರಿಚಯ ತೆಗೆದರು. ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದ ವಾರ ಅದು. ಪ್ಯಾನೆಲ್ ಕೆಲಸ ಹೋದರೆ ಮನೆ ನಡೆಯುವುದು ಹೇಗೆ ಎಂದು ಹೆದರಿಬಿಟ್ಟೆ.

ಸರ್ ಪದ್ಧತಿ ನಿಮಗೆ ಗೊತ್ತು. ಕೆಡುಕು ಕಂಡ ಫೈಲಿಗೆ ಅವರು ಕಾರಣ ಬರೆಯುತ್ತಿರಲಿಲ್ಲ. "ಬಿಡುವಿಲ್ಲದ ಕಾರಣ ವಾಪಸ್" ಎಂದು ಒಂದೇ ಸಾಲು. ಕೋರ್ಟಿನ ಆವರಣದಲ್ಲಿ ಅದನ್ನು ಓದಿದವರಿಗೆಲ್ಲ ಅರ್ಥವಾಗುತ್ತಿತ್ತು, ಯಾರ ಜೊತೆಗೂ ಹಗೆ ಬೆಳೆಯುತ್ತಿರಲಿಲ್ಲ. ನಾನೂ ಅದನ್ನೇ ಬರೆದೆ. ಸರ್ ನೆನಪಾಗುತ್ತಾರೆ ಎಂದೂ ಬರೆದೆ. ಅಣ್ಣನಿಗೆ ಅಷ್ಟು ಸಾಕು ಅಂದುಕೊಂಡೆ.

ಬೇರೆ ವಕೀಲರ ಕೈಲಿ ಒಪಿನಿಯನ್ ಬರೆಸಿದರು ಎಂದು ನಿಮ್ಮ ಕಾಗದ ಬಂದಾಗ ನಿಜ ಹೇಳಬೇಕೆಂದರೆ ನನಗೆ ಕೋಪ ಬಂತು. ಅರ್ಥವಾಗಿಯೂ ಅಣ್ಣ ಸುಮ್ಮನಾದರು, ಸೈಟಿನ ವ್ಯಾಪಾರ ಯಾರನ್ನು ಬಿಟ್ಟಿದೆ ಅಂದುಕೊಂಡೆ. ಅದಕ್ಕೇ ಉತ್ತರ ಬರೆಯಲಿಲ್ಲ. ನಿಮ್ಮ ಬಗ್ಗೆ ಹಾಗೆ ಯೋಚಿಸಿದ್ದು ನೆನೆದರೆ ನಾಚಿಕೆಯಾಗುತ್ತದೆ.

ಆಮಂತ್ರಣದಲ್ಲಿ ಸುಧಾಮಣಿಯ ಹೆಸರು ಓದಿದ ಮೇಲೆ, ನಿಮಗೆ ಅರ್ಥವೇ ಆಗಿರಲಿಲ್ಲ ಎಂದು ತಿಳಿಯಿತು. ಆದರೆ ಹಾಲುಕ್ಕಿಸುವ ಮುಂಚೆ ಈ ಕಾಗದ ಬರೆಯುವ ಧೈರ್ಯ ನನಗಾಗಲಿಲ್ಲ. ಒಂದು ದಿನವಾದರೂ ಆ ಮನೆಯಲ್ಲಿ ಅವಳು ನಗುತ್ತಾ ಇರಲಿ ಅನ್ನಿಸಿತು. ಅದೂ ತಪ್ಪೋ ಏನೋ.

ಬ್ಯಾಂಕಿಗೆ ಕಾರಣ ಬರೆದು ಕಳಿಸಬೇಕೆಂದಿದ್ದೇನೆ. ಮಾರಯ್ಯನ ಮನೆಯವರಿಗೂ ತಿಳಿಸಬೇಕು. ಮೊದಲು ನಿಮಗೆ ಹೇಳುತ್ತಿದ್ದೇನೆ.

ನೀಲಾವತಿ


ಗುಂಡ್ಲುಪೇಟೆ
24 ಫೆಬ್ರವರಿ 2024

ಶ್ರೀಮತಿ ನೀಲಾವತಿ, ವಕೀಲರು, ಚಾಮರಾಜನಗರ, ಇವರಿಗೆ,

ತಮ್ಮ ಪತ್ರ ತಲುಪಿತು.

ಇಷ್ಟು ಬರೆದು ಕೈ ನಿಂತೋಯ್ತು. ನಿನ್ನನ್ನ ತಾವು ಅಂತ ಬರೆಯೋಕೂ ಬರಲ್ಲ ನನಗೆ, ಥೂ.

ಸರ್ ಪದ್ಧತಿ ನನಗೆ ಗೊತ್ತಿಲ್ವಾ? ಆ ಸಾಲನ್ನ ಸರ್ ಹೇಳಿದ ಹಾಗೆ ಟೈಪ್ ಮಾಡ್ತಿದ್ದೋನೇ ನಾನು! ಆದ್ರೆ ಸರ್ ಯಾವತ್ತಾದ್ರೂ ಅದರ ಮುಂದೆ ಹೆಂಡ್ತಿಗೆ ಕಾಯಿಲೆ, ಮಗೀಗೆ ಜ್ವರ ಅಂತ ಸೇರಿಸಿದ್ರಾ? ನೀನು ಸೇರಿಸ್ದೆ. ಯಜಮಾನರಿಗೆ ಕಿಡ್ನಿ ತೊಂದರೆ ಅಂತ ಓದಿದ ಮೇಲೆ ಆ ಕಾಗದದಲ್ಲಿ ನನಗೆ ಇನ್ನೇನೂ ಕಾಣಲಿಲ್ಲ ಕಣಮ್ಮಿ. ನೀನು ಬ್ಯಾಡ ಅಂದದ್ದನ್ನ ಓದೋ ಬದಲು ನಾನು ನಂಜನಗೂಡು ಬಸ್ ಹತ್ತಿದೆ. ನಿನ್ನ ಗಂಡನ ಹೆಸರು, ನಕ್ಷತ್ರ ಹೇಳಿ ಅರ್ಚನೆ ಮಾಡಿಸ್ದೆ. ಬಂದು, ಕೈಕಾಲು ತೊಳ್ಕೊಂಡು, ಅದೇ ಕೈಲಿ ಸುಧಾಮಣಿ ಕ್ರಯಪತ್ರ ಬರೆದೆ.

ಅಣ್ಣ ವ್ಯಾಪಾರಕ್ಕೆ ಬಿದ್ದ ಅಂದ್ಕೊಂಡೆಯಲ್ಲ, ಅದು ಎಲ್ಲಕ್ಕಿಂತ ಉರೀತದೆ. ಅನುಮಾನ ಇದ್ದದ್ದಕ್ಕೇ ತಾನೇ ನಿನ್ನ ಹತ್ರ ಕಳಿಸಿದ್ದು? ಮಾರಯ್ಯನ ಹೊಲ ಅಂತ ನಾನೇ ಬರೆದಿದ್ದೆ. ಮಂಜೂರಿ ಜಮೀನು ಅಂತ ನನಗೆ ತಿಳೀದು, ಅವರ ಪಿತ್ರಾರ್ಜಿತ ಅಂದ್ಕೊಂಡಿದ್ದೆ. ನಿನಗೆ ತಿಳಿದಿತ್ತು. ಒಂದು ಸಾಲು, "ಅಣ್ಣ ಈ ಜಮೀನು ಮುಟ್ಟಬ್ಯಾಡ" ಅಂತ. ಅಷ್ಟು ಬರೆದಿದ್ರೆ ಕಾಗದ ಓದಿ ಸುಟ್ಟುಬುಡ್ತಿದ್ದೆ, ಯಾರಿಗೂ ನಿನ್ನ ಹೆಸರು ಹೇಳ್ತಿರಲಿಲ್ಲ.

ಬ್ಯಾಂಕಿಗೆ ಈಗ ಬರೆಯಬ್ಯಾಡ. ಕಾಲಿಗೆ ಬೀಳೋ ವಯಸ್ಸಲ್ಲ ನಂದು, ಆದ್ರೂ ಕೇಳ್ತೀನಿ. ಇಷ್ಟು ದಿನ ಸುಮ್ಮನಿದ್ದೋಳು ಇನ್ನಷ್ಟು ದಿನ ಸುಮ್ಮನಿರು. ಅವಳು ಆ ಕಟ್ಟೆ ಮೇಲೆ ಒಲೆ ಇಟ್ಟು ತಿಂಗಳಾಗಿಲ್ಲ.

ಮೃತ್ಯುಂಜಯ


ಚಾಮರಾಜನಗರ
11 ಮಾರ್ಚ್ 2024

ಮೃತ್ಯುಂಜಯಣ್ಣನಿಗೆ ನಮಸ್ಕಾರ.

ಬ್ಯಾಂಕಿಗೆ ಬರೆದು ಕಳಿಸಿದೆ.

ನಿಮ್ಮ ಕಾಗದ ತಲುಪಿದ ಮೇಲೆ ಒಂದು ವಾರ ಸುಮ್ಮನೇ ಇದ್ದೆ. ಆಮೇಲೆ ಕುದೇರಿನಿಂದ ಇಬ್ಬರು ಹೆಣ್ಣುಮಕ್ಕಳು ಆಫೀಸಿಗೆ ಬಂದರು. ಅಂಗನವಾಡಿಯವರು. ಸುಧಾಮಣಿಯ ಮನೆ ನೋಡಿ ಆಸೆಪಟ್ಟು ಅದೇ ಲೇಔಟಿನಲ್ಲಿ ಸೈಟಿಗೆ ಮುಂಗಡ ಕೊಡಲು ಹೊರಟಿದ್ದರು. ಒಳ್ಳೆಯದೇನಾ ಮೇಡಂ ಎಂದು ಕೇಳಿದರು. ಅವರ ಮುಂದೆ ಬಿಡುವಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

ಮಾರಯ್ಯನ ಮೊಮ್ಮಗ ಸಿದ್ದಯ್ಯ ಗುಂಡ್ಲುಪೇಟೆಯ ಹೂವಿನ ಮಂಡಿಯಲ್ಲಿ ಕೇರಳದ ಲಾರಿಗಳಿಗೆ ಚೆಂಡುಹೂವು ತುಂಬುವ ಕೆಲಸ ಮಾಡುತ್ತಾನಂತೆ. ಅವನಿಗೂ ಹೇಳಿ ಕಳಿಸಿದ್ದೇನೆ.

ಇದನ್ನು ಸುಧಾಮಣಿಗೆ ಕೇಡಾಗಲಿ ಎಂದು ಮಾಡಿದೆ ಅಂತ ತಿಳಿಯಬೇಡಿ.

ನೀಲಾವತಿ


ಗುಂಡ್ಲುಪೇಟೆ
16 ಸೆಪ್ಟೆಂಬರ್ 2024

ನೀಲಾವತಿಗೆ,

ಬರೆಯಬಾರದು ಅಂತಲೇ ಇದ್ದೆ. ನಿನ್ನನ್ನ ಪ್ಯಾನೆಲ್‌ನಿಂದ ತೆಗೆದ್ರು ಅಂತ ಕೇಳಿದಾಗಲೂ ಬರೆಯಲಿಲ್ಲ. ಸರಿಯಾಯ್ತು ಅಂತ ಒಂದು ಗಳಿಗೆ ಅನ್ನಿಸ್ತು, ಆಮೇಲೆ ಛೇ ಅನ್ನಿಸ್ತು. ಎರಡನ್ನೂ ಬರೆದಿವ್ನಿ, ತಗೋ.

ಸಿದ್ದಯ್ಯ ಅಸಿಸ್ಟೆಂಟ್ ಕಮಿಷನರ್ ಕೋರ್ಟಲ್ಲಿ ಕೇಸು ಹಾಕವ್ನೆ. ಈಗ ಎಲ್ಲಾ ಒಂದೇ ಮಾತಿಗೆ ಬಂದು ನಿಂತದೆ, ಮಾರಯ್ಯನಿಗೆ ಸರ್ಕಾರ ಕೊಟ್ಟ ಹೊಲ ಹಳ್ಳದ ಈಚೆಗೆ, ಲೇಔಟ್ ಕಡೆಗೋ, ಇಲ್ಲಾ ಆಚೆಗೋ ಅಂತ. ಹಳೇ ನಕ್ಷೆ ಒಂದು ಹೇಳ್ತದೆ, ಹೊಸದು ಇನ್ನೊಂದು. ನಂಬರುಗಳು ಕಲಸಿ ಓಗವೆ. ಕಣ್ಣಾರೆ ಕಂಡೋರು ಬೇಕು. ಆ ಕಡೆ ಹೊಲದೋರಲ್ಲಿ ಬದುಕಿ ಉಳಿದು, ಹೊರಗೆ ಓಡಾಡೋ ಹಾಗಿರೋನು ನಾನೊಬ್ಬನೇ.

ಮಲ್ಲಿಕಾರ್ಜುನಸ್ವಾಮಿ ಮನೆಗೇ ಬಂದಿದ್ರು. ಬೈಯಲಿಲ್ಲ, ಹೆದರಿಸಲಿಲ್ಲ. "ಆಚೆಗೆ ಅಂದುಬುಡಿ ಸ್ವಾಮಿ, ಒಂದು ಮಾತು. ಎಷ್ಟು ಸಂಸಾರ ಉಳೀತವೆ, ನಿಮ್ಮ ತಂಗಿ ಮನೆ ಉಳೀತದೆ" ಅಂದ್ರು. ಆವತ್ತು ನಮ್ಮನೆಗೆ ಬಂದಿದ್ದ ಸುಧಾಮಣಿ ಕಾಫಿ ತಂದಿಟ್ಲು. ಅವರು ಓದ ಮೇಲೆ ಲೋಟ ಎತ್ತೋಕೆ ಬಂದು ನಿಂತ್ಕೊಂಡು, "ಅಣ್ಣ, ಒಂದೇ ಮಾತಲ್ವಾ" ಅಂದ್ಲು. ಆವತ್ತಿನ ತಂಕ ಅವಳು ನನ್ನ ಏನೂ ಕೇಳಿದೋಳಲ್ಲ.

ಸಿದ್ದಯ್ಯನೂ ಬಂದಿದ್ದ, ಮಂಡಿಯಿಂದ ನೇರ. ಮೈಯೆಲ್ಲ ಚೆಂಡುಹೂವಿನ ವಾಸನೆ. ಜಗಲಿ ಮೇಲೇ ಕೂತ್ಕೊತೀನಿ ಅಂದ, ಒಳಕ್ಕೆ ಕರೆದೆ, ಟೀ ಕುಡಿದ. ನೀವು ಯಾವ ಕಡೆ ಹೇಳ್ತೀರಿ ಅಂತ ಕೇಳಲೇ ಇಲ್ಲ. ನಮ್ಮ ತಾತ ನಿಮ್ಮನ್ನ ಎತ್ತಿ ಆಡಿಸ್ತಿದ್ನಂತೆ ಅಂದ, ಎದ್ದೋದ.

ಮಾರಯ್ಯನಿಗೆ ಇದ್ದದ್ದೇ ಒಂದು ಹೊಲ, ಅದು ಎಲ್ಲಿತ್ತು ಅಂತ ನನಗೆ ಕಣ್ಣು ಕಟ್ಟಿ ಬಿಟ್ರೂ ಗೊತ್ತು. ಲೇಔಟಿನೋರು ಪಾರ್ಕು ಅಂತ ತೋರಿಸಿರೋ ಜಾಗದ ಹೊಂಗೆ ಮರ ಮಾರಯ್ಯ ನೆಟ್ಟದ್ದು. ಸುಧಾಮಣಿ ಅಡುಗೆಮನೆ ಕಿಟಕೀಲಿ ಅದೇ ಕಾಣ್ತದೆ.

ಮುಂದಿನ ವಿಚಾರಣೆಗೆ ಕರೀತಾರೆ. ನಾನು ಏನು ಮಾಡ್ಲಿ? ಸಿಟ್ಟಿದೆ ನಿನ್ನ ಮೇಲೆ, ಆದ್ರೆ ಕೇಳೋಕೆ ನಿನ್ನ ಬಿಟ್ರೆ ಯಾರೂ ಇಲ್ಲ. ಬಾಯಿಬಿಟ್ಟು ಹೇಳು. ಇದೊಂದು ಸಾರಿ.

ಮೃತ್ಯುಂಜಯ


ಚಾಮರಾಜನಗರ
7 ಅಕ್ಟೋಬರ್ 2024

ಮೃತ್ಯುಂಜಯಣ್ಣನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಈ ಕೇಸು ಶುರುವಾಗಲು ನಾನೇ ಕಾರಣಳಾದ್ದರಿಂದ, ಸಾಕ್ಷಿ ಹೇಳಬೇಕಾದವರಿಗೆ ನಾನು ಸಲಹೆ ಕೊಡುವುದು ವೃತ್ತಿಧರ್ಮಕ್ಕೆ ಸರಿಯಾಗುವುದಿಲ್ಲ. ನಾಳೆ ಯಾರಾದರೂ ನಾನು ನಿಮಗೆ ಹೇಳಿಕೊಟ್ಟೆ ಎಂದರೆ ನಿಮ್ಮ ಮಾತಿಗೇ ಬೆಲೆ ಇಲ್ಲದಂತಾಗುತ್ತದೆ.

ನಿಮ್ಮ ಮನಸ್ಸಿಗೆ ತೋಚಿದಂತೆ ಮಾಡಿ ಅಣ್ಣ. ನೀವು ಏನು ಮಾಡಿದರೂ ನನಗೆ ನಿಮ್ಮ ಮೇಲಿನ ಗೌರವ ಕಡಿಮೆಯಾಗುವುದಿಲ್ಲ.

ನೀಲಾವತಿ


ಗುಂಡ್ಲುಪೇಟೆ
18 ಜನವರಿ 2025

ನೀಲಾವತಿಗೆ,

ನಿಮ್ಮೂರಿಗೇ ಬಂದು ಹೇಳಿ ಬಂದೆ.

ಈಚೆಗೋ ಆಚೆಗೋ ಅಂತ ಸಾಹೇಬ್ರು ಕೇಳಿದ್ರು. ಸುಧಾಮಣಿ ಬಾಗಿಲ ಹತ್ರ ನಿಂತಿದ್ಲು, ಗೃಹಪ್ರವೇಶದ ಸೀರೆ ಉಟ್ಕೊಂಡು ಬಂದಿದ್ಲು. ಈಚೆಗೆ ಸ್ವಾಮಿ ಅಂದೆ. ಹೊಂಗೆ ಮರ ಇರೋ ಕಡೆ, ಅದು ಸಸಿ ಇದ್ದಾಗ ಮಾರಯ್ಯ ನನ್ನ ಕೈಲೂ ನೀರು ಹುಯ್ಸಿದ್ದ ಅಂದೆ. ಬರ್ಕೊಂಡ್ರು. ಸೈನ್ ಮಾಡು ಅಂದ್ರು, ಮಾಡ್ದೆ. ಇಷ್ಟು ವರ್ಷ ಬೇರೆಯೋರ ಸೈನು ಹಾಕಿಸ್ದೋನು, ನನ್ನ ಸೈನ್ ಎಲ್ಲಿ ಹಾಕಬೇಕು ಅಂತ ಕೇಳಿ ಹಾಕ್ದೆ.

ಹೊರಗೆ ಬಂದಾಗ ಸಿದ್ದಯ್ಯ ಕೈ ಮುಗಿದ. ನನಗೆ ಅವನ ಮುಖ ನೋಡೋಕಾಗಲಿಲ್ಲ, ಅವಳ ಮುಖವಂತೂ ಇಲ್ಲವೇ ಇಲ್ಲ. ನಿನ್ನ ಆಫೀಸಿನ ಬೀದೀಲೇ ನಡ್ಕೊಂಡು ಬಸ್‌ಸ್ಟಾಂಡಿಗೆ ಓದೆ. ಬಾಗಿಲು ತೆಗೆದಿತ್ತು. ಒಳಕ್ಕೆ ಬರಲಿಲ್ಲ.

ಸುಧಾಮಣಿ ಮುಂದಿನ ಬಾಗಿಲಲ್ಲಿ ಹತ್ತಿದ್ಲು, ನಾನು ಅದೇ ಬಸ್ಸಿಗೆ ಹಿಂದಿನ ಬಾಗಿಲಲ್ಲಿ ಹತ್ತಿದೆ. ತೆರಕಣಾಂಬಿ ದಾಟಿ ಗುಂಡ್ಲುಪೇಟೆ ತಂಕ ಅವಳ ತುರುಬು ನೋಡ್ತಾ ಕೂತಿದ್ದೆ. ತಿರುಗಿ ನೋಡಲಿಲ್ಲ. ಇಳಿದು ಬೇಗೂರಿನ ಬಸ್ ಹತ್ತಿ ಓದ್ಲು.

ಏನು ಮಾಡಿದ್ರೂ ಗೌರವ ಕಡಿಮೆ ಆಗಲ್ಲ ಅಂತ ಬರೆದಿದ್ದೆ. ಗೌರವ ಯಾರಿಗೆ ಬೇಕಾಗಿತ್ತಮ್ಮಿ? ನಿಜ ಹೇಳು ಅಣ್ಣ, ನಾನೂ ಬಂದು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ ಅಂದಿದ್ರೆ ಸಾಕಾಗಿತ್ತು.

ಮೃತ್ಯುಂಜಯ


ಚಾಮರಾಜನಗರ
20 ಏಪ್ರಿಲ್ 2025

ಪ್ರೀತಿಯ ಮೃತ್ಯುಂಜಯಣ್ಣನಿಗೆ ನೀಲಾ ಮಾಡುವ ನಮಸ್ಕಾರಗಳು.

ಆದೇಶ ಬಂದಿರುವುದು ನಿಮಗೆ ತಿಳಿದಿರುತ್ತದೆ. ಜಮೀನು ಸಿದ್ದಯ್ಯನ ಮನೆಯವರಿಗೆ ಸೇರಬೇಕು ಎಂದಾಗಿದೆ. ಮಲ್ಲಿಕಾರ್ಜುನಸ್ವಾಮಿಯವರ ಫೋನು ಸ್ವಿಚ್ ಆಫ್. ಸೈಟು ತೆಗೆದುಕೊಂಡವರೆಲ್ಲ ಸೇರಿ ಅವರ ಮೇಲೆ ಕೇಸು ಹಾಕುವುದಾದರೆ ಫೀಸಿಲ್ಲದೆ ನಡೆಸುತ್ತೇನೆ ಎಂದು ಎಲ್ಲರಿಗೂ ಹೇಳಿ ಕಳಿಸಿದ್ದೇನೆ. ಸುಧಾಮಣಿಗೆ ಎರಡು ಸಲ ಕಾಗದ ಬರೆದೆ. ಒಡೆಯದೆ ವಾಪಸ್ ಬಂದವು.

ಅಣ್ಣ, ಆ ದಿನ ನೀವು ಬೀದಿಯಲ್ಲಿ ಹೋಗಿದ್ದನ್ನು ನಾನು ಕಿಟಕಿಯಲ್ಲಿ ನೋಡಿದೆ. ಓಡಿ ಬರಬಹುದಿತ್ತು. ಎದ್ದು ಬಾಗಿಲವರೆಗೆ ಬಂದೆ, ನೀವು ತಿರುವು ದಾಟಿದ್ದಿರಿ. ಕೂಗಬಹುದಿತ್ತು, ಕೂಗಲಿಲ್ಲ. ಅಕ್ಟೋಬರಿನಲ್ಲಿ ವೃತ್ತಿಧರ್ಮ ಅದು ಇದು ಎಂದು ಬರೆದೆನಲ್ಲ, ಅದೂ ಬಿಡುವಿಲ್ಲದ ಕಾರಣವೇ. ಹೆಸರು ಬೇರೆ ಇಟ್ಟಿದ್ದೆ. ನೀವು ನಿಜವನ್ನೇ ಹೇಳುತ್ತೀರಿ ಎಂದು ನನಗೆ ಗೊತ್ತಿತ್ತು. ನಾನು ಹೇಳಿದ್ದಕ್ಕೆ ಹೇಳಿದಿರಿ ಎಂದಾಗಬಾರದಿತ್ತು, ಅಷ್ಟೇ. ಸುಧಾಮಣಿಯ ಶಾಪ ನಿಮಗೊಬ್ಬರಿಗೇ ತಟ್ಟಲಿ ಎಂದು ಬಿಟ್ಟುಬಿಟ್ಟೆ. ಇದನ್ನು ಬರೆಯುವಾಗ ಕಣ್ಣಲ್ಲಿ ನೀರು ಬರುತ್ತಿದೆ, ಅದರಿಂದ ಏನೂ ಪ್ರಯೋಜನವಿಲ್ಲ.

ಶೃತಿಗೆ ಮದುವೆ ಗೊತ್ತಾಗಿದೆ. ಹುಡುಗ ಉಮ್ಮತ್ತೂರಿನವರು, ಮೇಷ್ಟ್ರು. ಲಗ್ನಪತ್ರಿಕೆ ಇಟ್ಟಿದ್ದೇನೆ. ನನಗೆ ಒಡಹುಟ್ಟಿದ ಅಣ್ಣ ತಮ್ಮಂದಿರಿಲ್ಲ. ಅವಳಿಗೆ ಕಿವಿ ಚುಚ್ಚುವಾಗ ನಿಮ್ಮ ತೊಡೆಯ ಮೇಲೆ ಕೂತು ಅತ್ತು, ನಿಮ್ಮ ಅಂಗಿಯೆಲ್ಲ ನೆನೆಸಿದ್ದಳು. ಈಗ ಮಂಟಪಕ್ಕೆ ಕೈ ಹಿಡಿದು ಕರೆದುಕೊಂಡು ಬರಲೂ ಸೋದರಮಾವ ನೀವೇ ಬೇಕು. ಮೃತ್ಯುಂಜಯ ಮಾವ ಬರ್ತಾರೆ ತಾನೇ ಅಂತ ಅವಳು ಆಗಲೇ ಕೇಳುತ್ತಿದ್ದಾಳೆ.

ಬನ್ನಿ ಅಣ್ಣ. ಬೈಯುವುದಿದ್ದರೆ ಎಲ್ಲರೆದುರೇ ಬೈಯಿರಿ.

ನಿಮ್ಮ ತಂಗಿ,
ನೀಲಾ


ಗುಂಡ್ಲುಪೇಟೆ
4 ಮೇ 2025

ನೀಲಮ್ಮಿಗೆ,

ಲಗ್ನಪತ್ರಿಕೆ ತಲುಪಿತು. ಬಿಡುವಿಲ್ಲದ ಕಾರಣ ಮದುವೆಗೆ ಬರಲಾಗುತ್ತಿಲ್ಲ. ವಧೂವರರಿಗೆ ಆಶೀರ್ವಾದಗಳು.

ಇಷ್ಟೇ ಬರೆದು, ಮಡಚಿ, ಕವರಿಗೆ ಅಂಟು ಹಚ್ಚಿ ಪೋಸ್ಟಾಫೀಸಿನ ಬಾಗಿಲ ತಂಕ ಓಗಿದ್ದೆ. ಡಬ್ಬಿಗೆ ಹಾಕೋಕೆ ಕೈ ಬರಲಿಲ್ಲ. ವಾಪಸ್ ಬಂದು, ಕವರ್ ಹರಿದು, ಅದರ ಕೆಳಗೇ ಬರೀತಿವ್ನಿ. ಬಿಡುವಿಲ್ಲವಂತೆ! ನನ್ನ ಮೇಜಿನ ಹತ್ರ ಈಗ ಯಾರು ಬರ್ತಾರೆ? ಕೋರ್ಟಲ್ಲಿ ಬಾಯಿ ಬಿಡೋ ಪತ್ರ ಬರಹಗಾರ ಯಾರಿಗೂ ಬ್ಯಾಡ. ಬೆಳಗಿಂದ ಸಂಜೆಗಂಟ ರಸ್ತೆ ನೋಡ್ಕೊಂಡು ಕೂತಿರ್ತೀನಿ. ಬೇಕಾದಷ್ಟು ಬಿಡುವು ಅದೆ.

ಬರಲ್ಲ ಕಣಮ್ಮಿ. ಕಾರಣ ಬರೀತೀನಿ.

ಸುಧಾಮಣಿ ಮನೆಗೆ ಬೀಗ ಹಾಕಿ ತೆರಕಣಾಂಬೀಲಿ ಒಂದು ಬಾಡಿಗೆ ರೂಮು ಮಾಡ್ಕೊಂಡವ್ಳೆ. ನಮ್ಮ ಮನೆಗೆ ಬಾ ಅಂತ ಓಗಿ ಕರೆದೆ. ನಿಂತ್ಕೊಂಡೇ ಮಾತಾಡಿಸಿ ಕಳಿಸಿದ್ಲು. ಅಣ್ಣ ಅನ್ನಲಿಲ್ಲ, ಏನಂತಲೂ ಕರೀಲಿಲ್ಲ. ಆ ರೂಮಲ್ಲಿ ಅಡುಗೆಗೆ ಕಟ್ಟೆ ಇಲ್ಲ, ಒಲೆ ನೆಲದ ಮೇಲಿತ್ತು. ಒಬ್ಬ ತಂಗಿ ಬಾಗಿಲು ಮುಚ್ಚಿರೋವಾಗ ಇನ್ನೊಬ್ಬ ತಂಗಿ ಮಗಳ ಕೈ ಹಿಡ್ಕೊಂಡು ವಾಲಗದ ಮುಂದೆ ನಡೆಯೋಕೆ ನನ್ನ ಕೈಲಾಗಲ್ಲ.

ಅದೊಂದೇ ಅಲ್ಲ. ನಿನ್ನ ಮೇಲೆ ನನಗೆ ಇನ್ನೂ ಸಿಟ್ಟದೆ. ಸಿದ್ದಯ್ಯನಿಗೆ ಜಮೀನು ಬಂದದ್ದಕ್ಕಲ್ಲ, ಅದು ಅವರದೇ, ಅವರಿಗೇ ಸೇರಬೇಕಾದದ್ದು. ನೀನು ಬ್ಯಾಂಕಿಗೆ ಬರೆದದ್ದಕ್ಕೂ ಅಲ್ಲ. ನನ್ನನ್ನ ಅಣ್ಣ ಅಂತ ಕರೆದು, ನನಗೆ ಹೇಳದೆ ಇದ್ದದ್ದಕ್ಕೆ. ಆ ಸಿಟ್ಟು ಒಳಗಿಟ್ಕೊಂಡು ನಗ್ತಾ ನಗ್ತಾ ನಿನ್ನ ಮನೆ ಊಟ ಮಾಡಿದ್ರೆ ಅದೂ ಸುಳ್ಳಾಯ್ತದೆ. ಸುಳ್ಳು ಹೇಳೋದಾಗಿದ್ರೆ ಆವತ್ತೇ ಕೋರ್ಟಲ್ಲಿ ಹೇಳಿ ಸುಧಾಮಣಿ ಮನೆ ಉಳಿಸ್ಬುಡ್ತಿದ್ದೆ. ಅಲ್ಲಿ ಹೇಳದ್ದನ್ನ ನಿನ್ನ ಮನೇಲಿ ಯಾಕೆ ಹೇಳಲಿ?

ಈ ಸಿಟ್ಟು ಇಳಿದ ದಿನ ನಾನೇ ಬಸ್ ಹತ್ತಿ ಬರ್ತೀನಿ. ಯಾವತ್ತು ಇಳೀತದೋ ನನಗೇ ಗೊತ್ತಿಲ್ಲ. ಸುಧಾಮಣಿಗೆ ಮತ್ತೊಂದು ಕಾಗದ ಬರಿ. ವಾಪಸ್ ಬಂದ್ರೂ ಬರಿ.

ಶೃತಿಗೆಂದು ನಿಮ್ಮತ್ತಿಗೆ ಬೆಳ್ಳಿ ದೀಪ ತೆಗೆದಿಟ್ಟವ್ಳೆ, ಕಳಿಸ್ತೀನಿ. ಧಾರೆ ಹೊತ್ತಿಗೆ ಆ ಮಗು ಮಾವ ಯಾಕೆ ಬರಲಿಲ್ಲ ಅಂತ ಕೇಳ್ತದೆ. ಇದ್ದದ್ದು ಇದ್ದ ಹಾಗೆ ಹೇಳು. ಬಿಡುವಿರಲಿಲ್ಲ ಅಂತ ಮಾತ್ರ ಹೇಳಬ್ಯಾಡ.

ನಿಮ್ಮಣ್ಣ,
ಮೃತ್ಯುಂಜಯ